ಸೋರೆಬುರುಡೆಯಲ್ಲಿ ಎದೆಹಾಲು

ನಮ್ಮ ನಂದಿ ಬುಡಕಟ್ಟಿನ ಜನಕ್ಕೆ ಹಾಲಿನ ವಿಷಯದಲ್ಲಿ ಯಾರೂ ಬುದ್ಧಿ ಹೇಳಕೂಡದು. ದನ ಸಾಕಿದವರಿಗೆ ಹಾಲು ಗೊತ್ತಿಲ್ಲವೇ ಎಂಬ ಜಂಬ. ಅಂಥ ಮನೆಯಲ್ಲಿ ನನ್ನ ಮಗ ಕಿಬಿವೊಟ್ ಹಸುವಿನ ಹಾಲು ಆಗದವನಾಗಿ ಹುಟ್ಟಿದ. ಮೂರನೇ ತಿಂಗಳಲ್ಲಿ ಎರಡು ಚಮಚ ಕುಡಿಸಿದ್ದಕ್ಕೆ ಮೈಯೆಲ್ಲ ದದ್ದು, ಮಲದಲ್ಲಿ ರಕ್ತ. ಡಬ್ಬಿಯ ಪುಡಿಯೂ ಹಸುವಿನದೇ, ಅದೂ ಬೇಡ ಎಂದರು ಡಾಕ್ಟರು. ಉಳಿದದ್ದು ನನ್ನ ಎದೆ ಒಂದೇ. ಆ ಎದೆಯೋ, ಬೆಳಗ್ಗೆ ಆರರಿಂದ ಸಂಜೆ ನಾಲ್ಕರ ತನಕ ಚಹಾ ಕಾರ್ಖಾನೆಯ ಗೇಟಿನೊಳಗೆ ಇರಬೇಕು.

ಹಾಗಾಗಿ ಹಿಂಡಿ ಇಡುತ್ತಿದ್ದೆ. ನರ್ಸು ಹೇಳಿಕೊಟ್ಟಂತೆ ಪುಟ್ಟ ಚೀಲಗಳಿಗೆ ತುಂಬಿ, ತಾರೀಖು ಬರೆದು, ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ. ಮಲಗುವ ಮುಂಚೆ ಹಳೆಯ ತಾರೀಖಿನ ಎರಡನ್ನು ಕೆಳಗಿಳಿಸಿದರೆ ಬೆಳಗ್ಗೆಗೆ ಕರಗಿರುತ್ತದೆ. ಚೀಲವನ್ನು ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಬೇಕು, ಕುದಿಸಬಾರದು. ಕರಗಿದ್ದನ್ನು ಅದೇ ದಿನ ಮುಗಿಸಬೇಕು, ಮತ್ತೆ ಹೆಪ್ಪುಗಟ್ಟಿಸಬಾರದು. ಇದನ್ನೆಲ್ಲ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು, ನನ್ನ ಅತ್ತೆ ಟಪ್ಕಿಗೆನ್ ಅವರ ಕಿವಿ ನೋಯುತ್ತಿತ್ತು.

“ಎಂಟು ಮಕ್ಕಳನ್ನ ಸಾಕಿದೀನಿ ಕಣೇ,” ಎನ್ನುತ್ತಿದ್ದರು. “ಯಾವ ಹಾಲಿನ ಮೇಲೂ ತಾರೀಖು ಬರೀಲಿಲ್ಲ.”

ಮಂಗಳವಾರ ಮಧ್ಯಾಹ್ನದ ಗಾಳಿಗೆ ಮರ ಬಿದ್ದು ಕರೆಂಟು ಹೋಯಿತು. ಬುಧವಾರ ಬೆಳಗ್ಗೆಯೂ ಬಂದಿರಲಿಲ್ಲ. ಮಗನಿಗೆ ಹಾಲೂಡಿಸಿ, ಐಸ್ ಪೆಟ್ಟಿಗೆ ಸುಮ್ಮಸುಮ್ಮನೆ ತೆಗೆಯಬೇಡಿ ಎಂದು ಅತ್ತೆಗೆ ಹೇಳಿ ಕೆಲಸಕ್ಕೆ ಬಂದೆ. ಹತ್ತು ಗಂಟೆಯ ಬಿಡುವಿನಲ್ಲಿ ಫೋನ್ ಮಾಡಿದೆ.

“ಫ್ರಿಜ್ಜಿಂದ ನೀರು ಸುರೀತಿತ್ತು ಕಣೇ. ಚೀಲ ಎಲ್ಲಾ ಮೆತ್ತಗಾಗಿದ್ವು. ನೀನೇನೂ ತಲೆ ಕೆಡಿಸ್ಕೋಬೇಡ, ಬುರುಡೆಗೆ ಹಾಕಿಟ್ಟಿದೀನಿ.”

“ಯಾವ ಬುರುಡೆ ಅತ್ತೆ?”

“ಇನ್ಯಾವುದು? ನಮ್ಮಮ್ಮ ಕೊಟ್ಟಿದ್ದು. ಕಡ್ಡಿ ಸುಟ್ಟು, ಒಳಗೆಲ್ಲಾ ಇದ್ದಿಲು ಸವರಿ, ಆಮೇಲೆ ಸುರಿದೆ. ಒಂದು ತಿಂಗಳು ಏನೂ ಆಗಲ್ಲ. ನಿನ್ನ ಫ್ರಿಜ್ಜು ಅದರ ಮುಂದೆ ಯಾವ ಲೆಕ್ಕ! ಈಗ ಮಗೂಗೆ ಕೊಡೋಣಾಂತ...”

ನಮ್ಮಲ್ಲಿ ಹಾಲು ಕೆಡದಂತೆ ಇದ್ದಿಲು ಸವರಿ ಇಡುವ ಸೋರೆಬುರುಡೆ ಅದು, ನಲವತ್ತು ವರ್ಷ ಹಸುವಿನ ಹಾಲನ್ನೇ ಹೀರಿದ್ದು.

“ಕೊಡ್ಬೇಡಿ ಅತ್ತೆ! ಕೊಡ್ಲೇಬೇಡಿ! ಅದರಲ್ಲಿ...”

ಅಷ್ಟರಲ್ಲಿ ಅವರ ಫೋನು ಸತ್ತಿತು. ಕರೆಂಟಿಲ್ಲದ ಮನೆಯಲ್ಲಿ ಚಾರ್ಜು ಎಲ್ಲಿಂದ ಬರಬೇಕು? ಅವರಿಗೆ ಎಷ್ಟು ಕೇಳಿಸಿತೋ ಗೊತ್ತಾಗಲಿಲ್ಲ.

ಮೇಲ್ವಿಚಾರಕ ಬಿರೆಚ್ ಹತ್ತಿರ ಓಡಿದೆ. “ಸಾರ್, ಒಂದು ಗಂಟೆ ಬಿಡಿ. ಓಡಿ ಹೋಗಿ ಬಂದ್ಬಿಡ್ತೀನಿ.”

“ಈ ತಿಂಗಳು ಎರಡು ಸಲ ಓಡಿ ಹೋಗಿದೀಯ ಜೆಲಗತ್. ಇನ್ನೊಂದು ಸಲ ಗೇಟಿಂದ ಹೊರಗೆ ಕಾಲಿಟ್ರೆ ಬೂಟು, ಏಪ್ರನ್ನು ಇಲ್ಲೇ ಬಿಚ್ಚಿಟ್ಟು ಹೋಗು. ರೂಲ್ಸು ನಾನು ಮಾಡಿದ್ದಲ್ಲ.”

ಗಂಡನ ಲಾರಿ ಕೆಟ್ಟು ನಿಂತು ಎರಡು ತಿಂಗಳಾಗಿತ್ತು. ಬಿಡಿಭಾಗ ಹುಡುಕುತ್ತ ಅವನು ಮೊಂಬಾಸಾದಲ್ಲಿದ್ದ. ಮನೆಯ ಒಲೆ ಉರಿಯುತ್ತಿದ್ದದ್ದು ನನ್ನ ಕೆಲಸದಿಂದ. ಪಕ್ಕದ ಮನೆಯವಳಿಗೆ ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಯಂತ್ರದ ಮುಂದೆ ಹೋಗಿ ನಿಂತೆ. ನಿಂತೆನಲ್ಲ, ಅದಕ್ಕಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಹನ್ನೆರಡರ ಹೊತ್ತಿಗೆ ಎದೆ ಕಲ್ಲಾಯಿತು. ಒಂದಕ್ಕೆ ಹಾಲು ತಾನಾಗಿ ಸೋರಿ ಏಪ್ರನ್ ಒದ್ದೆಯಾಯಿತು, ಅದರ ಮೇಲೆ ಚಹಾಪುಡಿ ಕೂತು ಕಪ್ಪಗೆ ಮೆತ್ತಿಕೊಂಡಿತು. ಮಗ ಕುಡಿದನೋ ಇಲ್ಲವೋ, ಮಲದಲ್ಲಿ ರಕ್ತ ಬಂತೋ ಇಲ್ಲವೋ. ನಾಲ್ಕರ ಸೈರನ್ ಆಗುವ ತನಕ ಬೇರೆ ಯೋಚನೆಯೇ ಇಲ್ಲ.

ಓಡಿದೆ. ಬೇಲಿಯ ಹತ್ತಿರವೇ ಅಳು ಕೇಳಿಸಿತು, ಕೂಗಿ ಕೂಗಿ ಒಡೆದುಹೋದ ದನಿ. ಒಳಗೆ ಅತ್ತೆ ಅಂಗಿಯ ಗುಂಡಿ ಬಿಚ್ಚಿ ಕೂತಿದ್ದರು. ಅವರ ಬತ್ತಿದ ಎದೆಗೆ ನನ್ನ ಮಗ ಬಾಯಿ ಹಾಕಿ ಎಳೆಯುವುದು, ಬಿಟ್ಟು ಅಳುವುದು, ಮತ್ತೆ ಎಳೆಯುವುದು.

“ಕೊಡ್ಬೇಡಿ ಅಂದ್ಯಲ್ಲ, ಕೊಡ್ಲಿಲ್ಲ,” ಎಂದರು. ಅವರ ಕಣ್ಣು ಕೆಂಪಗಿದ್ದವು. “ಯಾಕೆ ಅಂತ ಗೊತ್ತಾಗ್ಲಿಲ್ಲ. ಆದ್ರೂ ಒಂದು ತೊಟ್ಟೂ ಕೊಡ್ಲಿಲ್ಲ ಕಣೇ.”

ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಟ್ಟ ಮಾತೆಲ್ಲ ಬಿಟ್ಟುಬಿಟ್ಟೆ. ಮಗನನ್ನು ಎದೆಗೆ ಹಾಕಿಕೊಂಡು ಮೆಲ್ಲಗೆ ಹೇಳಿದೆ, ಹಸುವಿನ ಹಾಲು ಆ ಬುರುಡೆಯ ಮೈಯಲ್ಲೇ ಸೇರಿಹೋಗಿದೆ, ಇದ್ದಿಲಿಗೆ ಅದು ಹೋಗುವುದಿಲ್ಲ ಎಂದು. ಅತ್ತೆ ಎದ್ದರು. ಬುರುಡೆಯನ್ನು ಹಿತ್ತಲಿಗೆ ಒಯ್ದು ಬಗ್ಗಿಸಿದರು. ಒಂಬತ್ತು ಚೀಲದ ಹಾಲು, ಬೂದಿ ಬಣ್ಣಕ್ಕೆ ತಿರುಗಿ ಮಣ್ಣಿಗೆ ಹೋಯಿತು. ಇಬ್ಬರೂ ಅತ್ತೆವು.

“ನಾಳೆಗೆ?” ಎಂದರು ಅತ್ತೆ. ಕರೆಂಟು ಬಂದಿರಲಿಲ್ಲ, ಬರುವ ಸುದ್ದಿಯೂ ಇರಲಿಲ್ಲ.

ಮರುದಿನ ಹತ್ತು ಗಂಟೆಯ ಬಿಡುವಿನಲ್ಲಿ ಗೇಟಿನ ಕಾವಲುಗಾರ ಕೂಗಿದ, “ಜೆಲಗತ್, ಯಾರೋ ಅಜ್ಜಿ ಬಂದು ನನ್ನ ಜೀವ ತಿಂತಿದಾಳೆ!”

ಅತ್ತೆ. ಬೆನ್ನಿಗೆ ಮಗುವನ್ನು ಕಟ್ಟಿಕೊಂಡು ಎರಡು ಮೈಲಿ ನಡೆದು ಬಂದಿದ್ದರು. ಹೊರಗಿನವರನ್ನು ಒಳಗೆ ಬಿಡುವಂತಿಲ್ಲ, ಒಳಗಿನವರನ್ನು ಹೊರಗೆ ಬಿಡುವಂತಿಲ್ಲ ಎಂದ ಕಾವಲುಗಾರ.

“ಬಿಡ್ಬೇಡಪ್ಪ, ಯಾರು ಕೇಳಿದ್ರು?” ಎಂದು ಅತ್ತೆ ಮಗುವನ್ನು ಬಿಚ್ಚಿಕೊಂಡು ಗೇಟಿಗೆ ಒತ್ತಿ ನಿಂತರು. “ಬಾರೇ, ಹತ್ತಿರ ಬಾ.”

ನಾನು ಅಂಗಿ ಸರಿಸಿ ಸರಳಿಗೆ ಎದೆಯೊತ್ತಿದೆ. ತಣ್ಣನೆಯ ಕಬ್ಬಿಣ ಮೈಗೆ ಒತ್ತಿ ನೋವಾಯಿತು. ಆಚೆಯಿಂದ ಅತ್ತೆ ಮಗುವಿನ ತಲೆ ಹಿಡಿದರು. ಎರಡು ಸರಳುಗಳ ಸಂದಿಯಲ್ಲಿ ಅವನ ಬಾಯಿಗೆ ಮೊಲೆ ಸಿಕ್ಕಿತು. ಕಾವಲುಗಾರ ಆ ಕಡೆ ಮುಖ ತಿರುಗಿಸಿದ.

ಹಿಂದೆ ಬೂಟಿನ ಸದ್ದಾಯಿತು.

“ಜೆಲಗತ್! ಏನಿದು? ಗೇಟು ದಾಟಿದೀಯಾ?” ಬಿರೆಚ್ ದನಿ.

ನಾನು ತಿರುಗಲಿಲ್ಲ, ತಿರುಗಿದರೆ ಮಗನ ಬಾಯಿ ತಪ್ಪುತ್ತಿತ್ತು.

“ಇಲ್ಲ ಸಾರ್,” ಎಂದೆ. “ನಾನು ಒಳಗೇ ಇದೀನಿ.”