ಗೇಟಿನ ಹೊಂಗೆಮರ ಕಾಣೆ

ಮಿಯಾಪುರದ ಅಪಾರ್ಟ್‌ಮೆಂಟಿನಲ್ಲಿ ತೋಟದ ಕೆಲಸಕ್ಕಿದ್ದ ಬೀದರಿನ ಶರಣಮ್ಮನಿಗೆ ಗೇಟಿನ ಹೊಂಗೆಮರ ನೋಡಿ ಕನಿಕರ ಬಂತು. ಸುತ್ತ ಏಳುತ್ತಿದ್ದ ಐಟಿ ಕಟ್ಟಡಗಳ ಸಿಮೆಂಟು ಧೂಳಿನ ಜೊತೆಗೆ ಎಲೆಗಳಿಗೆ ಹಿಟ್ಟಿನಂಥ ಬಿಳಿ ಹುಳವೂ ಹತ್ತಿತ್ತು. ಅವಳು ಮೂರು ದಿನ ಏಣಿ ಹತ್ತಿ ಒಂದೊಂದೇ ಎಲೆಯನ್ನು ಸೋಪಿನ ನೀರಿನಲ್ಲಿ ತೊಳೆದಳು.

ನಾಲ್ಕನೇ ದಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಸುಬ್ಬರಾಯರು ಓಡಿಬಂದರು. "ನಮ್ಮ ಮರ ಎಲ್ಲಿ?"

"ಇದೇ ಐತ್ರಿ ಸಾಹೇಬ್ರ. ತೊಳದೀನಿ."

"ನಮ್ಮದು ಬೂದಿ ಬಣ್ಣದ್ದು. ಆರು ವರ್ಷದಿಂದ ನೋಡಾಕತ್ತೀನಿ. ಇದು ಯಾರದ್ದೋ ಹಸಿರು ಮರ!"

ತುರ್ತುಸಭೆ ಸೇರಿತು. ಹಳೆಯ ಫೋಟೋಗಳಲ್ಲೂ ಮರ ಬೂದಿ ಬಣ್ಣದ್ದಾಗಿಯೇ ಇತ್ತು. ಶರಣಮ್ಮ ಆಣೆಯಿಟ್ಟರೂ ಯಾರೂ ನಂಬದೆ, ಮರ ಕಳುವಾಗಿದೆಯೆಂದು ಬೋರ್ಡು ಹಾಕಿದರು.

ಎರಡೇ ವಾರದಲ್ಲಿ ಎಲೆಗಳ ಮೇಲೆ ಮತ್ತೆ ಧೂಳು ಕೂತಿತು. ಸುಬ್ಬರಾಯರು ಕಾಂಡವನ್ನು ಅಪ್ಪಿಕೊಂಡು, "ಭಾಳ ಛಲೋ ಆತು! ಎಲ್ಲಿ ಸಿಕ್ತು, ಶರಣಮ್ಮ?" ಎಂದರು.

"ತಾನಾಗೇ ಬಂತ್ರಿ," ಎಂದು ಅವಳು ನಿಟ್ಟುಸಿರಿಟ್ಟಳು.