ಚಿತ್ತಪ್ಪನ ಎದೆ ಫೋಟೋ

"ಕರ್ರಗಿರೋ ಕಡೆ ಮಾತ್ರ ನೋಡು, ಬಿಳೀ ಕಡೆ ಕಣ್ಣಿಡಬ್ಯಾಡ," ಎಂದು ಜಂಪಣ್ಣ ಎಕ್ಸರೇ ಫಿಲ್ಮಿನ ಮೇಲೆ ಬೆರಳಿಟ್ಟು ಸನ್ನೆಯಲ್ಲಿ ತಿಳಿಸಿದ. ಚಿತ್ತಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ತನ್ನ ದನಿ ತನಗೇ ಕೇಳದವರೆಲ್ಲರಂತೆ ಅವನೂ ಊರಿಗೆಲ್ಲ ಕೇಳಿಸುವ ಹಾಗೆ, "ಗೊತ್ತೈತೆ ಬಿಡಣ್ಣ, ನನ್ನ ಎದೆ ಫೋಟೋದಾಗೆ ನಾನು ನೋಡಾಕೆ ನಿನ್ನ ಕೇಳ್ಬೇಕಾ?" ಎಂದು ನಕ್ಕ.

ಎಂಬತ್ತನೇ ಇಸವಿಯ ಫೆಬ್ರವರಿ, ಶನಿವಾರ ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಸೂರ್ಯನ ಅರ್ಧಕ್ಕಿಂತ ಹೆಚ್ಚು ಪಾಲು ಆಗಲೇ ಹೋಗಿತ್ತು. ಹೊನ್ನಾಳಿಯ ಬೀದಿಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಗ್ರಹಣ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹಿಡಿಯುತ್ತದೆ, ಎಷ್ಟಕ್ಕೆ ಬಿಡುತ್ತದೆ ಎಂದು ಕಂಪ್ಯೂಟರು ಲೆಕ್ಕ ಹಾಕಿದೆಯೆಂದು ಪೇಪರಿನಲ್ಲಿ ಬಂದಿತ್ತು. ಆ ಲೆಕ್ಕವನ್ನು ಪಂಚಾಂಗದ ಜೊತೆ ತಾಳೆ ನೋಡಿ, ಎರಡೂ ಒಂದೇ ಎಂದು ಗೊತ್ತಾದ ಮೇಲೆ ಜನ ಇನ್ನಷ್ಟು ಹೆದರಿ ಬಾಗಿಲು ಹಾಕಿಕೊಂಡಿದ್ದರು. ಕಣ್ಣಿಗೆ ಕಾಣದ ಕಿರಣಗಳೂ ಕಣ್ಣನ್ನು ಸುಡುತ್ತವೆ ಎಂದು ರೇಡಿಯೋ ಬೇರೆ ಮೂರು ದಿನದಿಂದ ಹೇಳುತ್ತಿತ್ತು. ಆಸ್ಪತ್ರೆಯ ಡಾಕ್ಟರು ಮನೆಯ ಕಿಟಕಿಗಳಿಗೆ ಕಂಬಳಿ ಕಟ್ಟಿಸಿಕೊಂಡು ಒಳಗೆ ಕೂತಿದ್ದರು.

ಜಂಪಣ್ಣನಿಗೆ ಮಾತ್ರ ಆ ಭಯವಿರಲಿಲ್ಲ. ಕಣ್ಣಿಗೆ ಕಾಣದ ಕಿರಣದ ಜೊತೆಯಲ್ಲೇ ಹದಿನಾರು ವರ್ಷ ಬಾಳಿದವನು ಅವನು. ಆ ಖಾಸಗಿ ಆಸ್ಪತ್ರೆಯಲ್ಲಿ ಎಕ್ಸರೇ ತೆಗೆಯುವುದು ಅವನ ಕೆಲಸ. ವಾರದಿಂದ ಊರಿನ ಜನ ಗ್ರಹಣ ನೋಡಲು ಹಳೆಯ ಫಿಲ್ಮು ಕೊಡು ಎಂದು ಅವನ ಪ್ರಾಣ ತಿಂದಿದ್ದರು. ಕತ್ತರಿಯಲ್ಲಿ ನಾಲ್ಕು ನಾಲ್ಕು ತುಂಡು ಮಾಡಿ ಹಂಚಿದ್ದ. ಯಾರದೋ ಪಕ್ಕೆಲುಬು, ಯಾರದೋ ಮೊಣಕಾಲು ಹೊನ್ನಾಳಿಯ ಮನೆಮನೆಗೆ ಹೋಗಿ ಸೇರಿದ್ದವು. ಕೊನೆಗೆ ತನಗೆಂದು ಒಂದು ತುಂಡೂ ಉಳಿದಿರಲಿಲ್ಲ. ಅಷ್ಟರಲ್ಲಿ ಚಿತ್ತಪ್ಪ ತನ್ನ ಇಡೀ ಫಿಲ್ಮನ್ನೇ ತಂದಿದ್ದ.

ಚಿತ್ತಪ್ಪ ಜಂಪಣ್ಣನ ಹಾಗೆಯೇ ಜಗಳೂರು ಕಡೆಯವನು. ಹೊಳೆದಂಡೆಯ ಇಟ್ಟಿಗೆ ಭಟ್ಟಿಗೆ ದುಡಿಯಲು ಬಂದು, ಎರಡೂವರೆ ವರ್ಷದ ಹಿಂದೆ ಕೆಮ್ಮು ಎಂದು ಆಸ್ಪತ್ರೆಗೆ ತೋರಿಸಿದಾಗ ಕ್ಷಯ ಎಂದಿದ್ದರು. ಮೂರು ತಿಂಗಳು ದಿನಕ್ಕೊಂದು ಇಂಜೆಕ್ಷನ್. ಕೆಮ್ಮು ಹೋಯಿತು, ಅದರ ಹಿಂದೆಯೇ ಆ ಇಂಜೆಕ್ಷನ್ನಿಗೆ ಕಿವಿಯೂ ಹೋಯಿತು. ಹೆಂಡತಿ ಗಾದ್ರಮ್ಮ ಅವನು ಉಣ್ಣುವ ಗಂಗಾಳ ಬೇರೆ ಮಾಡಿದಳು. ಆ ಫೋಟೋದಿಂದ ರೋಗ ಹತ್ತುತ್ತದೆಂದು ಅದನ್ನು ಮನೆಯೊಳಗೆ ತರಗೊಡದೆ ಸೂರಿನ ಗರಿಯಲ್ಲಿ ಸಿಕ್ಕಿಸಿದ್ದಳು. ಈಗ ಚಿತ್ತಪ್ಪ ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಹುರಿದು ಮಾರುತ್ತಿದ್ದ. ಜೀವ ಉಳಿಯಿತಲ್ಲ, ಕಿವಿ ಹೋದರೆ ಹೋಗಲಿ ಎಂಬುದು ಅವನ ಲೆಕ್ಕ.

"ತಗೋ, ನೀನೂ ನೋಡು," ಎಂದು ಫಿಲ್ಮು ಕೊಟ್ಟ.

ಬೆಳಕಿನ ಬಣ್ಣವೇ ಬದಲಾಗಿತ್ತು. ಸಂಜೆಯ ಕೆಂಪಲ್ಲ, ಮೋಡದ ಮಬ್ಬಲ್ಲ, ತವರದ ತಗಡಿನ ಬಣ್ಣ. ಆಸ್ಪತ್ರೆಯ ಅಂಗಳದ ಹುಣಸೆಮರದ ಎಲೆಗಳ ಸಂದಿಯಿಂದ ಬಿದ್ದ ಬಿಸಿಲು ನೆಲದ ತುಂಬ ನೂರಾರು ಪುಟ್ಟ ಕುಡುಗೋಲುಗಳಾಗಿ ಬಿದ್ದಿತ್ತು. ಕಾಗೆಗಳು ಕೂಗುವುದನ್ನು ಬಿಟ್ಟಿದ್ದವು. ಜಂಪಣ್ಣ ಫಿಲ್ಮನ್ನು ಎತ್ತಿ, ಎಡ ಶ್ವಾಸಕೋಶದ ಕಪ್ಪಿನಲ್ಲಿ ಸೂರ್ಯನನ್ನು ಹುಡುಕಿದ. ಉಗುರಿನಷ್ಟು ಉಳಿದಿದ್ದ. ಕೈ ಸ್ವಲ್ಪ ಸರಿಯಿತು. ಎದೆಯ ನಡುವಿನ ಒಂದು ಬಿಳಿ ಕಿಂಡಿಯಿಂದ ಬೆಳಕು ಕಣ್ಣಿಗೆ ಚುಚ್ಚಿತು.

ಥಟ್ಟನೆ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣೊಳಗೂ ಆ ಕಿಂಡಿ ಹಾಗೇ ನಿಂತಿತ್ತು, ಮೊಟ್ಟೆಯಾಕಾರದಲ್ಲಿ. ಮೂಳೆಯ ಅಂಚು ಹಾಗೆ ಬರುವುದಿಲ್ಲ. ಅಷ್ಟು ಕತ್ತರಿಸಿದ ಹಾಗೆ ಬರುವುದು ಲೋಹ ಮಾತ್ರ. ಕೊರಳಿನಿಂದ ಎದೆಗೆ ಇಳಿಬಿಟ್ಟು, ಒಳಗೆ ಇಷ್ಟಲಿಂಗವನ್ನಿಟ್ಟು ಧರಿಸುವ ಬೆಳ್ಳಿಯ ಕರಡಿಗೆ ಅದು. ಇಂಥ ನೆರಳನ್ನು ಜಂಪಣ್ಣ ಸಾವಿರ ಸಲ ನೋಡಿದ್ದ. ಎಷ್ಟು ಬೇಡಿದರೂ ಲಿಂಗವಂತರು ಅದನ್ನು ಮೈಯಿಂದ ತೆಗೆಯುತ್ತಿರಲಿಲ್ಲ.

ಚಿತ್ತಪ್ಪ ಲಿಂಗವಂತನಲ್ಲ. ಗುಂಡಿ ಹಾಕದ ಅಂಗಿಯೊಳಗೆ ಅವನ ಎದೆ ಬರಿದಾಗಿತ್ತು.

ಜಂಪಣ್ಣನಿಗೆ ಎಪ್ಪತ್ತೇಳರ ಶ್ರಾವಣದ ಆ ದಿನ ನೆನಪಾಯಿತು. ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆಯುವಾಗ ಕರೆಂಟು ಹೋಗಿತ್ತು. ಜಗಳೂರಿನ ಬಸ್ಸಿಗೆ ಹೊತ್ತಾಗಿತ್ತು, ಮಗಳ ನಿಶ್ಚಿತಾರ್ಥ. ದೀಪಕ್ಕೆ ಕಾಯದೆ ಎರಡು ಫಿಲ್ಮುಗಳನ್ನು ತಡವರಿಸಿ ದಾರಕ್ಕೆ ನೇತುಹಾಕಿ, ಮೊದಲನೆಯದು ಇವನದು, ಎರಡನೆಯದು ಅವನದು ಎಂದು ಅಂದಾಜಿನಲ್ಲಿ ಹೆಸರಿನ ಚೀಟಿ ಸಿಕ್ಕಿಸಿ ಓಡಿದ್ದ. ಮೂರು ದಿನ ಬಿಟ್ಟು ಬರುವಷ್ಟರಲ್ಲಿ ಡಾಕ್ಟರು ನೋಡಿಯಾಗಿತ್ತು. ಪರರಾಜ್ಯದಿಂದ ಬಂದು ವರ್ಷಕ್ಕೇ ಬಿಟ್ಟುಹೋದ ಆ ಡಾಕ್ಟರು ಫಿಲ್ಮಿನ ಆ ಬಿಳಿ ಗುರುತನ್ನು ಯಾವುದೋ ತಾಯತ ಅಂದುಕೊಂಡಿರಬೇಕು. ಬಸ್ಸಿನಲ್ಲಿ ಕೂತಾಗ ಜಂಪಣ್ಣನಿಗೆ ಒಂದು ಅನುಮಾನ ಬಂದಿತ್ತು. ಬಂದದ್ದನ್ನು ಅಲ್ಲೇ ಹಿಸುಕಿದ್ದ.

ಆ ದಿನದ ಇನ್ನೊಂದು ಫಿಲ್ಮು ಸಾಸ್ವೆಹಳ್ಳಿಯ ಮರುಳಪ್ಪನದು. ಎದೆ ಸ್ವಚ್ಛವಾಗಿದೆ ಎಂದು ಹೇಳಿಸಿಕೊಂಡು, ಸಂತೋಷದಿಂದ ಊರಿಗೆ ಹೋದ ಮರುಳಪ್ಪ ಮರುವರ್ಷ ರಕ್ತ ಕಾರಿ ಸತ್ತ.

ಆಸ್ಪತ್ರೆಯೊಳಗಿನಿಂದ ಕೆಮ್ಮು ಕೇಳಿಸಿತು.

ಮರುಳಪ್ಪನ ಹೆಂಡತಿ ರುದ್ರಾಣಿ ಈಗ ಇದೇ ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಿದ್ದಳು. ಲಿಂಗ ಕಟ್ಟಿದವರಿಗೆ ಗ್ರಹಣದ ಸೂತಕವೇನು ಎಂದು ಇವತ್ತೂ ಬಂದಿದ್ದಳು. ಎರಡು ತಿಂಗಳಿಂದ ಅವಳು ಕೆಮ್ಮುತ್ತಿದ್ದಳು. ಪರೀಕ್ಷೆ ಮಾಡಿಸು ಎಂದರೆ, "ಧೂಳಿಗೆ ರೀ. ನಮ್ಮನ್ಯಾಗೆ ಎದೆ ರೋಗ ಯಾರಿಗೂ ಇರ್ಲಿಲ್ಲ. ಅವ್ರ ಫೋಟೋ ನೀವೇ ತೆಗೆದಿದ್ದಲ್ಲ, ಕನ್ನಡಿ ಹಂಗೈತೆ ಅಂದಿದ್ರು," ಎನ್ನುತ್ತಿದ್ದಳು.

ಜಂಪಣ್ಣ ಫಿಲ್ಮನ್ನು ನೋಡಿದ. ಇದು ಸುಲಭವಾಗಿ ಹರಿಯುವ ವಸ್ತುವಲ್ಲ, ಆದರೆ ಕತ್ತರಿ ಒಳಗೆ ಮೇಜಿನ ಮೇಲೇ ಇತ್ತು. ನಾಲ್ಕು ತುಂಡು ಮಾಡಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಈ ಯೋಚನೆ ಬಂದದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಕಣ್ಣಲ್ಲಿ ಉಳಿದ ಆ ಬೆಳಕಿನ ಮೊಟ್ಟೆ ಅವನು ನೋಡಿದಲ್ಲೆಲ್ಲ ತೇಲುತ್ತಿತ್ತು. ಗೋಡೆಯ ಮೇಲೆ, ಹುಣಸೆಮರದ ಮೇಲೆ, ಚಿತ್ತಪ್ಪನ ಮುಖದ ಮೇಲೆ. ಒಳಗೆ ಮತ್ತೆ ಕೆಮ್ಮು.

"ರುದ್ರಾಣಕ್ಕ, ಇಲ್ಲಿ ಬರ್ರಿ," ಎಂದು ಕರೆದ. ದನಿ ತನ್ನದಲ್ಲ ಎನ್ನಿಸಿತು.

ಅವಳು ಪೊರಕೆ ಹಿಡಿದೇ ಬಾಗಿಲಿಗೆ ಬಂದಳು. ಹೊರಗೆ ಈಗ ಇನ್ನಷ್ಟು ಕಪ್ಪಿಟ್ಟಿತ್ತು. ಪಶ್ಚಿಮಕ್ಕೆ ಒಂದು ಚುಕ್ಕಿ ಮೂಡಿತ್ತು. ಜಂಪಣ್ಣ ಸುತ್ತಿ ಬಳಸಿ ಹೇಳಲಿಲ್ಲ. "ಅಕ್ಕ, ನಾನು ಚೀಟಿ ಅದಲು ಬದಲು ಮಾಡೀನಿ. ಇದು ಚಿತ್ತಣ್ಣಂದಲ್ಲ. ನಿಮ್ಮ ಯಜಮಾನ್ರದು. ರೋಗ ಇದ್ದಿದ್ದು ಅವ್ರಿಗೆ," ಎಂದ.

ಅವಳು ಫಿಲ್ಮನ್ನು ತೆಗೆದುಕೊಂಡು ಆ ತವರದ ಬೆಳಕಿಗೆ ಹಿಡಿದಳು. ಆಮೇಲೆ ಸೆರಗಿನೊಳಗಿಂದ ತನ್ನ ಕರಡಿಗೆಯನ್ನು ಹೊರಗೆಳೆದು ಫಿಲ್ಮಿನ ಬಿಳಿ ಕಿಂಡಿಯ ಮೇಲೆ ಇಟ್ಟಳು. ಅಂಚಿಗೆ ಅಂಚು ಕೂತಿತು. ಕಿಂಡಿ ಮುಚ್ಚಿಹೋಯಿತು.

"ಮದ್ವೆಯಾಗೆ ಇಬ್ರಿಗೂ ಜೋಡಿ ಮಾಡಿಸಿದ್ರು, ಒಂದೇ ಅಳತೆ," ಎಂದಳು. "ಅವ್ರದನ್ನ ಅವ್ರ ಜೊತೆಗೇ ಮಣ್ಣು ಮಾಡಿದ್ವಿ. ಇಲ್ಲೈತಲ್ಲ."

ಅವಳು ಫಿಲ್ಮನ್ನು ಕೆಳಗಿಳಿಸಿದಳು. ಬಾಗಿದಾಗ ಅದು ಸಣ್ಣಗೆ ಗುಡುಗಿದ ಹಾಗೆ ಸದ್ದು ಮಾಡಿತು. ಆ ಸದ್ದು ಚಿತ್ತಪ್ಪನೊಬ್ಬನಿಗೆ ಕೇಳಲಿಲ್ಲ. ಅವನು ನೋಡುತ್ತಿದ್ದ. ಅವಳ ಕರಡಿಗೆಯನ್ನು ನೋಡಿದ, ಫಿಲ್ಮನ್ನು ನೋಡಿದ, ಜಂಪಣ್ಣನ ಮುಖ ನೋಡಿದ. ನಿಧಾನವಾಗಿ ಕೈಯನ್ನು ತನ್ನ ಅಂಗಿಯೊಳಗೆ ಇಟ್ಟು ಬರಿ ಎದೆ ಮುಟ್ಟಿಕೊಂಡ. ಅದೇ ಕೈ ಕಿವಿಗೆ ಹೋಯಿತು, ಅಲ್ಲೇ ನಿಂತಿತು.

"ಹಂಗಾದ್ರೆ ನಂಗೇನೂ ಇರ್ಲಿಲ್ಲಾ?" ಎಂದ. ಕಿವಿ ಹೋದ ಮೇಲೆ ಮೊದಲ ಸಲ ಅವನು ಪಿಸುಗುಟ್ಟಿದ್ದ.

ಜಂಪಣ್ಣ ಇಲ್ಲವೆಂದು ತಲೆ ಅಲ್ಲಾಡಿಸಿ ಅವನ ಕಾಲು ಹಿಡಿಯಲು ಬಗ್ಗಿದ. ಚಿತ್ತಪ್ಪ ಎರಡು ಹೆಜ್ಜೆ ಹಿಂದೆ ಸರಿದು ಹುಣಸೆಮರದ ಬುಡದಲ್ಲಿ ಕುಸಿದು ಕೂತ. ಅವನ ಬಿಳಿ ಅಂಗಿಯ ತುಂಬ ಕುಡುಗೋಲಿನ ಬೆಳಕುಗಳು ಹರಿದಾಡುತ್ತಿದ್ದವು. ರುದ್ರಾಣಿ ಅವನ ಹತ್ತಿರ ಹೋದಳು. ಅವನಿಗೆ ಕೇಳುವುದಿಲ್ಲ ಎಂದು ಗೊತ್ತಿದ್ದರೂ ಹೇಳಿದಳು.

"ನಿಮ್ಮ ಎದೆ ನಮ್ಮನೆ ಪೆಟ್ಟಿಗೆಯಾಗೈತೆ ಅಣ್ಣ. ಅವ್ರ ಫೋಟೋ ಅಂತ ದಿನಾ ದೀಪ ಹಚ್ಚಿ ಕೈ ಮುಗಿದೀನಿ. ನಾಳೆ ತಂದ್ಕೊಡ್ತೀನಿ."

ಆಮೇಲೆ ಅವಳಿಗೆ ಕೆಮ್ಮು ಬಂತು. ಮರದ ಬೊಡ್ಡೆ ಹಿಡಿದು, ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಸೆರಗನ್ನು ಬಿಡಿಸಿ ನೋಡಿ ಮತ್ತೆ ಮಡಿಚಿಕೊಂಡಳು. ಜಂಪಣ್ಣನ ಕಡೆಗೆ ತಿರುಗಿ, "ನಡೀರಿ," ಎಂದಳು.

ಎಕ್ಸರೇ ಕೋಣೆಯಲ್ಲಿ ಅವಳು ಎದೆಯನ್ನು ಹಲಗೆಗೆ ಒತ್ತಿ ನಿಂತಳು. ಕೈ ಕರಡಿಗೆಯ ದಾರಕ್ಕೆ ಹೋಯಿತು. "ಇದನ್ನ ಹಿಂದಕ್ಕೆ ಹಾಕ್ಲಾ? ಎಲ್ರಿಗೂ ತೆಗೀರಿ ತೆಗೀರಿ ಅಂತೀರಲ್ಲ."

"ಬ್ಯಾಡ ಅಕ್ಕ," ಎಂದ ಜಂಪಣ್ಣ. "ಅದು ಇರ್ಲಿ. ಅದಿದ್ರೆ ನಿಮ್ದು ಅಂತ ಗೊತ್ತಾಗ್ತೈತೆ. ಉಸಿರು ತಗೊಳ್ರಿ... ಹಿಡೀರಿ."

ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಫಿಲ್ಮನ್ನು ತಟ್ಟೆಯಲ್ಲಿದ್ದ ಔಷಧದ ನೀರಿಗೆ ಇಳಿಬಿಡುವ ಮೊದಲೇ ಸೂಜಿಯಿಂದ ಅದರ ಅಂಚಿನಲ್ಲಿ ಗೀರಿ ಹೆಸರು ಬರೆದ. ಎರಡು ಸಲ ಓದಿಕೊಂಡ. ಹೊರಗೆ ಒಂದು ಕೋಳಿ ಬೆಳಗಾಯಿತೆಂದು ಕೂಗಿತು. ದೂರದಲ್ಲಿ ಬಸ್ಸೊಂದು ಗುರುಗುಟ್ಟಿ ಚಾಲೂ ಆಯಿತು. ಗೋಡೆಯ ಆಚೆ ಬೆಂಚಿನ ಮೇಲೆ ರುದ್ರಾಣಿ ಕೆಮ್ಮನ್ನು ತಡೆಹಿಡಿದು ಕೂತಿದ್ದಳು.

ನೀರಿನೊಳಗೆ ಫಿಲ್ಮು ಸುತ್ತಲೂ ಕಪ್ಪಾಗುತ್ತ ಬಂತು. ನಡುವೆ ಮೊಟ್ಟೆಯಷ್ಟು ಜಾಗ ಕಪ್ಪಾಗದೆ ಬಿಳಿಯಾಗಿ ಉಳಿಯಿತು. ಅದರ ಎರಡೂ ಬದಿಗೆ ಪಕ್ಕೆಲುಬುಗಳು ಒಂದೊಂದಾಗಿ ಮೂಡತೊಡಗಿದವು, ಕೆಳಗಿನಿಂದ ಮೇಲಕ್ಕೆ. ಜಂಪಣ್ಣ ತಟ್ಟೆಯನ್ನು ಮೆಲ್ಲಗೆ ತೂಗುತ್ತ, ತಾನೂ ಉಸಿರು ಹಿಡಿದು ನಿಂತ.