ಅಂಬಣ್ಣನ ಸನಾದಿಗೆ ಹಚ್ಚಿದ್ದು

"ಅದನ್ನ ಕನ್ನಡಿ ಮಾಡಬ್ಯಾಡೋ ತಮ್ಮಾ! ಮಾರಿ ನೋಡ್ಕೊಳ್ಳಾಕ ಅಲ್ಲ, ಊದಾಕ ಅದು!" ಸಾವಂತ್ರವ್ವ ಅಡುಗೆಮನೆಯಿಂದಲೇ ಕೂಗಿದಳು.

ಈರಬಸಪ್ಪ ನಕ್ಕ. ಪುಣೆಯ ಕೋಥರೂಡದ ಎಷ್ಟೋ ಮನೆಗಳ ಊಟದ ಟೇಬಲ್ಲುಗಳು ಅವನ ಪಾಲಿಶಿನಿಂದಲೇ ಮಿಂಚುತ್ತಿದ್ದವು. ಬಿಸಿ ಚಹಾದ ಕಪ್ಪಿಟ್ಟರೂ ಕಲೆ ಉಳಿಯುವುದಿಲ್ಲವೆಂದು ಅವನಿಗೆ ಹೆಸರು. ಇವತ್ತು ಮಡಿಲಲ್ಲಿದ್ದದ್ದು ಮಾತ್ರ ಸಾವಂತ್ರವ್ವನ ಗಂಡ ಅಂಬಣ್ಣ ಎಂಟು ತಿಂಗಳು ಕೂತು ಕೈಯಾರೆ ಕೊರೆದ ಸೀಸಂ ಮರದ ಸನಾದಿ. ಮೊಳದುದ್ದದ ಕೊಳವೆ, ಮೇಲೆ ಏಳು ತೂತು. ಒಂದೊಂದರ ಅಂಚನ್ನೂ ಅದೆಷ್ಟು ನಯವಾಗಿ ತೀಡಿದ್ದನೆಂದರೆ, ಇಪ್ಪತ್ತು ವರ್ಷ ಕಟ್ಟಿಗೆ ಸವರಿದ ಈರಬಸಪ್ಪನ ಬೆರಳುಗಳೇ ಮೆಚ್ಚಿ ಅಲ್ಲಲ್ಲಿ ನಿಂತುಬಿಡುತ್ತಿದ್ದವು.

ಅಂಬಣ್ಣ ಊದುತ್ತಿದ್ದ ಹಳೆಯ ಸನಾದಿ ಕಳೆದ ಚಳಿಗಾಲದಲ್ಲಿ ಸಾಸವಡದ ಮದುವೆಯೊಂದರಲ್ಲಿ, ಅಕ್ಷತೆ ಬೀಳುವ ಹೊತ್ತಿಗೇ ಉದ್ದಕ್ಕೂ ಸೀಳಿತ್ತು. ಇದೂ ಸೀಳಿದರೆ ಇನ್ನೊಂದು ಕೊರೆಯುವಷ್ಟು ಬೆಳಕು ಎಪ್ಪತ್ತು ದಾಟಿದ ಅಂಬಣ್ಣನ ಕಣ್ಣಲ್ಲಿ ಉಳಿದಿರಲಿಲ್ಲ.

"ಅಣ್ಣಾ, ಮೂರು ಕೋಟ್ ಹೊಡಿತೀನ್ರಿ. ಒಂದು ಹನಿ ನೀರು ಒಳಗ ಹೋಗಂಗಿಲ್ಲ," ಎದುರಿಗೆ ಕೂತಿದ್ದ ಅಂಬಣ್ಣನಿಗೆ ಈರಬಸಪ್ಪ ಹೇಳಿದ.

"ನೀರು ಎಲ್ಲಿಂದ ಬರ್ತದೋ?"

"ಹೊರಗಿಂದ್ರಿ. ಮಳಿ, ಬೆವರು, ಚಹಾ..."

"ಸನಾದಿ ಮ್ಯಾಲೆ ಚಹಾ ಯಾರು ಇಡ್ತಾರೋ ಹುಚ್ಚಾ!" ಅಂಬಣ್ಣ ಕನ್ನಡಕ ತೆಗೆದು ಅದರ ಮೇಲೆ 'ಹಾ' ಎಂದು ಉಸಿರು ಬಿಟ್ಟ. ಗಾಜು ಮಂಜಾಯಿತು. "ಇಲ್ನೋಡು. ನೀರು ಬರೂದು ಒಳಗಿಂದ. ನೀ ಹೊರಗಷ್ಟ ಬಾಗಲಾ ಹಾಕಿದರ, ಒಳಗ ಕುಡದ ಕಟ್ಟಿಗಿ ಉಬ್ಬತದ, ಒಣಗತದ, ಕಡೀಕ ಒಡಿತದ. ಹಳೇದಕ್ಕ ನಾನೂ ನಿನ್ನಂಗ ಶಾಣ್ಯಾ ಆಗಿ ವಾರ್ನಿಶ್ ಹೊಡದಿದ್ದೆ."

ಇಷ್ಟು ವರ್ಷ ಈರಬಸಪ್ಪ ತಡೆದದ್ದೆಲ್ಲ ಮೇಲಿನಿಂದ ಬೀಳುವ ನೀರನ್ನು!

ಆದರೂ ಮನಸ್ಸು ತಡೆಯದೆ, ಅದೇ ಮರದ ಚೂರಿಗೆ ಪಾಲಿಶ್ ಹಚ್ಚಿ ತಂದಿದ್ದನ್ನು ಮುಂದೆ ಹಿಡಿದ. "ಒಳಗ ನಿಮ್ಮ ಮನಸ್ಸಿಗೆ ಬಂದದ್ದು ಹಚ್ಚರಿ. ಹೊರಗಾದ್ರೂ ಇದು?"

ಅಂಬಣ್ಣ ಬೆರಳುಗಳನ್ನು ನೀರಿಗದ್ದಿ, ಕಣ್ಣು ಮುಚ್ಚಿ, ಚೂರಿನ ಮೇಲೆ ರಾಗ ನುಡಿಸುವಂತೆ ಆಡಿಸಿದ. ಬೆರಳು ಜಾರಿತು. "ಲಗ್ನದಾಗ ಕೈ ಹಿಂಗ ಬೆವರ್ತದ. ಜಾರಿದರ ಸುರಾನೂ ಜಾರ್ತದ."

ಸಾವಂತ್ರವ್ವ ಬಟ್ಟಲು ತಂದಿಟ್ಟಳು. "ಗಾಣದ ಅಗಸಿ ಎಣ್ಣಿ. ಒಳಗ-ಹೊರಗ ಎರಡೂ ಕಡೆ. ಒಣಗಾಕ ವಾರ ಹಿಡೀತದ, ಅವಸರ ಮಾಡಬ್ಯಾಡ."

"ಹಂಗಾರ ನನ್ನದೇನು ಕೆಲಸ ವೈನಿ, ಇದರಾಗ?"

ಉತ್ತರ ಕೊಟ್ಟವನು ಅಂಬಣ್ಣ. "ಎಣ್ಣಿ ಹೆಚ್ಚಾದರ ಅಂಟತದ, ಕಡಿಮಿ ಆದರ ಕಟ್ಟಿಗಿ ಬಾಯಿ ತಕ್ಕೊಂಡ ಇರ್ತದ. ಸಮ ಹಚ್ಚೂ ಕೈ ಈ ಪುಣ್ಯಾ ಊರಾಗ ನಿಂದೊಂದ ನಂಗ ಗೊತ್ತಿರೂದು. ಇಲ್ಲಂದ್ರ ಕರೀತಿದ್ನೇನೋ?"

ಈರಬಸಪ್ಪ ಸಣ್ಣ ಕಡ್ಡಿಗೆ ಅರಿವೆ ಸುತ್ತಿ, ಎಣ್ಣೆಯಲ್ಲಿ ಅದ್ದಿ ಹಿಂಡಿ, ಕೊಳವೆಯೊಳಗೆ ಮೆಲ್ಲಗೆ ತಿರುವಿದ. ನಾಲ್ಕನೆಯ ತೂತಿನ ಅಂಚಿನಲ್ಲಿ ಒಂದು ಹನಿ ಉಬ್ಬಿತು. ಅರಿವೆಯಿಲ್ಲದೆ ಎಂದೂ ಕಟ್ಟಿಗೆ ಒರೆಸದವನು ಅದನ್ನು ಬರಿಬೆರಳಿನಿಂದ ತೆಗೆದು, ಸನಾದಿಯ ಮೈಗೆ ಉದ್ದಕ್ಕೂ ಸವರಿದ.